ಗುಡ್ಡ ಕಡಿದವರು ಯಾರು? ಸ್ಮರಣ ಸಂಚಿಕೆಯ ಒಂದು ಸಾಲಿನ ಪ್ರಕರಣ

"ಗುಡ್ಡದ ಬೆನ್ನು ಕಡಿದು ಮನೆ ಕಟ್ಟಿದವರಿಗೆ ಗುಡ್ಡವೇ ಪಾಠ ಕಲಿಸಿತು."

ಇಡೀ ಪ್ರಕರಣ ಈ ಒಂದು ಸಾಲಿನದು. ಉತ್ತರ ಕೊಡಗಿನ ಒಂದು ಹಳ್ಳಿ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆ ವಿದ್ಯಾರ್ಥಿಗಳು ಸೇರಿ ಸ್ಮರಣ ಸಂಚಿಕೆ ತಂದಿದ್ದರು. ಅದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಅದರಲ್ಲಿ ಊರಿನ ಮಳೆ ಬಗ್ಗೆ ಬರೆದಿದ್ದರು. ಒಳ್ಳೆ ಲೇಖನ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಬರುತ್ತಿದ್ದ ಮಕ್ಕಳು, ಒದ್ದೆ ಬಟ್ಟೆ ಒಣಗಿಸಲು ಒಲೆ ಮೇಲೆ ಕಟ್ಟಿದ ಹಗ್ಗ, ಕಕ್ಕಡ 18ರ ಮದ್ದುಸೊಪ್ಪಿನ ಪಾಯಸದ ಬಣ್ಣ, ಎಲ್ಲ ಇದೆ. ಕೊನೆಗೆ 2018ರ ಆಗಸ್ಟ್ ಬರುತ್ತದೆ. ಅಲ್ಲಿ ಈ ಸಾಲು.

ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ಮೇಷ್ಟ್ರನ್ನೂ, ಆ ಸಾಲಿನಿಂದ ನೊಂದ ಮನೆಯವರನ್ನೂ ಕೇಳಿ, ಎಲ್ಲರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಸಂಚಿಕೆ ಮಾಡಿದ ಸಮಿತಿಯಲ್ಲಿ ನಾನು ಇರಲಿಲ್ಲ. ಕರಡು ತಿದ್ದುವುದು ನನ್ನ ಕೆಲಸ, ಎರಡೂ ಮನೆಯವರ ಪರಿಚಯ ಮೊದಲಿಂದ ಇತ್ತು, ಹಾಗಾಗಿ ಮಾತು ಕೈಮೀರಿದಾಗ ಸಮಿತಿಯವರು ನನ್ನನ್ನು ಕರೆದರು. ಬರೆಯುವವರಿಗೆ, ಅದರಲ್ಲೂ ಸಣ್ಣ ಊರಿನ ಬಗ್ಗೆ ಆ ಊರಿನವರಿಗಾಗಿಯೇ ಬರೆಯುವವರಿಗೆ, ಈ ಪ್ರಕರಣ ಪೂರ್ತಿಯಾಗಿ ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಮೊದಲು ಆ ವರ್ಷದ ಮಾತು. 2018ರ ಮಳೆಗಾಲ ಕೊಡಗಿನಲ್ಲಿ ಯಾರೂ ಮರೆಯುವಂಥದ್ದಲ್ಲ. ಜುಲೈನಲ್ಲಿ ಒಮ್ಮೆ ಭೂಮಿ ನಡುಗಿತು. ಮಳೆ ಬಿಡಲೇ ಇಲ್ಲ. ಆಗಸ್ಟ್ ನಡುವಿನ ಆ ಎರಡು ಮೂರು ದಿನದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬಟ್ಟಗೇರಿ, ಉದಯಗಿರಿ, ಮೊಣ್ಣಂಗೇರಿ, ಜೋಡುಪಾಲ, ಹೀಗೆ ಒಂದರ ಹಿಂದೆ ಒಂದು ಕಡೆ ಗುಡ್ಡ ಜಾರಿತು. ಕಾಫಿ ತೋಟ, ಗದ್ದೆ, ಮನೆ, ರಸ್ತೆ ಎಲ್ಲ ಒಟ್ಟಿಗೇ ಹೋದವು. ಜನ ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರದ ಪರಿಹಾರ ಕೇಂದ್ರಗಳಲ್ಲಿ ಉಳಿದರು. ಮನೆ ಕಳೆದುಕೊಂಡವರಿಗೆ ಆಮೇಲೆ ಜಂಬೂರು, ಕರ್ಣಂಗೇರಿ, ಮದೆನಾಡು ಮುಂತಾದ ಕಡೆ ಸರ್ಕಾರ ಬಡಾವಣೆ ಕಟ್ಟಿಕೊಟ್ಟಿತು.

ಆಗಿನಿಂದಲೇ "ಯಾಕೆ ಹೀಗಾಯಿತು" ಅನ್ನುವ ಮಾತು ಶುರುವಾಯಿತು. ರೆಸಾರ್ಟ್‌ನವರು ಗುಡ್ಡ ಕಡಿದದ್ದು ಅಂತ ಒಬ್ಬರು, ರಸ್ತೆ ಅಗಲ ಮಾಡಿದ್ದು ಅಂತ ಇನ್ನೊಬ್ಬರು, ಹಾರಂಗಿ ಅಣೆಕಟ್ಟು ಅಂತ ಮತ್ತೊಬ್ಬರು, ಭೂಕಂಪ ಅಂತ ಕೆಲವರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ ಹೇಳಿದ್ದರಲ್ಲಿ ಮುಖ್ಯವಾದದ್ದು ಎರಡು. ಒಂದು, ಎಡೆಬಿಡದ ಭಾರೀ ಮಳೆ. ಇನ್ನೊಂದು, ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ನೇರವಾಗಿ ಕಡಿದದ್ದು. ಅಂದರೆ ಮೇಷ್ಟ್ರು ಬರೆದದ್ದರ ಹಿಂದೆ ನಿಜ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ದೊಡ್ಡ ಪ್ರಶ್ನೆಯಾಗುತ್ತದೆ.

ಆ ಊರಿನ ಮೇಲ್ಭಾಗದಲ್ಲೂ ಗುಡ್ಡ ಜಾರಿತ್ತು. ಒಂದು ಮನೆ ಪೂರ್ತಿ ಹೋಯಿತು. ಆ ಮನೆಯ ಹಿರಿಯ ಹೆಂಗಸು ತೀರಿಹೋದರು. ಅವರ ಮಗ, ಸೊಸೆ, ಇಬ್ಬರು ಮಕ್ಕಳು ಬದುಕಿಕೊಂಡರು. ಈಗ ಅವರು ಸರ್ಕಾರ ಕೊಟ್ಟ ಮನೆಯಲ್ಲಿದ್ದಾರೆ, ಉಳಿದ ಒಂದು ತುಂಡು ತೋಟಕ್ಕೆ ಕಾಫಿ ಕುಯ್ಯುವ ಸಮಯದಲ್ಲಿ ಬಂದು ಹೋಗುತ್ತಾರೆ. ಮಗ ಅದೇ ಶಾಲೆಯಲ್ಲಿ ಓದಿದವರು, ಮೇಷ್ಟ್ರ ಕೈಕೆಳಗೇ ಕಲಿತವರು. ಸಂಚಿಕೆಗೆ ಹಣವನ್ನೂ ಕೊಟ್ಟಿದ್ದರು.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಸಂಚಿಕೆ ಬಿಡುಗಡೆಯಾಯಿತು. ಬಂದವರಿಗೆಲ್ಲ ಒಂದೊಂದು ಕೊಟ್ಟರು. ಮಧ್ಯಾಹ್ನ ಊಟಕ್ಕೆ ಕರೆಯುವ ಹೊತ್ತಿಗೆ ಆ ಮನೆಯ ಗಂಡ ಹೆಂಡತಿ ಇಬ್ಬರೂ ಇರಲಿಲ್ಲ. ಅವರ ಪ್ರತಿ ಆಫೀಸ್ ಕೋಣೆಯ ಮೇಜಿನ ಮೇಲಿತ್ತು, ಮಳೆ ಲೇಖನದ ಪುಟ ಮೇಲಕ್ಕೆ ಬರುವ ಹಾಗೆ ಮಡಚಿ ಇಟ್ಟಿದ್ದರು. ಯಾರಿಗೂ ಏನೂ ಹೇಳಿ ಹೋಗಿರಲಿಲ್ಲ. ಮಾರನೇ ದಿನ ಆ ಮನೆಯ ಸೊಸೆಯ ತಮ್ಮ ಆ ಪುಟದ ಜೆರಾಕ್ಸ್ ಮಾಡಿಸಿ, ಆ ಸಾಲಿನ ಕೆಳಗೆ ಗೆರೆ ಎಳೆದು, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೂತವರಿಗೆಲ್ಲ ತೋರಿಸಿದ. "ನಮ್ಮ ಭಾವನ ತಾಯಿ ಸತ್ತದ್ದು ಇವರಿಗೆ ಪಾಠ ಅಂತೆ" ಅಂದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮೇಷ್ಟ್ರಿಗೆ ಸುದ್ದಿ ಮುಟ್ಟಿದ್ದು ಮೂರನೆಯವರ ಬಾಯಿಂದ, ಅದೂ ಆಪಾದನೆಯ ರೂಪದಲ್ಲಿ. ಅವರು ನಿಜವಾಗಿಯೂ ಬೆಚ್ಚಿಬಿದ್ದರು. ಅವರ ತಲೆಯಲ್ಲಿ ಇದ್ದದ್ದು ಸಂಪಾಜೆ ರಸ್ತೆಯ ಬದಿ ಗೋಡೆಯಂತೆ ನೇರ ಕಡಿದ ಗುಡ್ಡಗಳು, ಗುಡ್ಡದ ತಲೆ ಬೋಳಿಸಿ ಕಟ್ಟಿದ ದೊಡ್ಡ ದೊಡ್ಡ ಕಟ್ಟಡಗಳು. ತನ್ನ ಶಿಷ್ಯನ ಮನೆ ಅವರ ನೆನಪಿಗೇ ಬಂದಿರಲಿಲ್ಲ. "ಆ ಅಜ್ಜಿ ಕೈಯಲ್ಲಿ ಎಷ್ಟು ಸಲ ಕಾಫಿ ಕುಡಿದಿದ್ದೇನೆ, ಅವರ ಬಗ್ಗೆ ಹಾಗೆ ಬರೀತೇನಾ?" ಅಂತ ಪದೇ ಪದೇ ಹೇಳುತ್ತಿದ್ದರಂತೆ.

ಇಲ್ಲಿಂದ ಪ್ರಕರಣ ಹಾಳಾಗಲು ಶುರುವಾಯಿತು. ಹಾಳು ಮಾಡಿದ್ದು ಒಂದು ಪತ್ರ. ಸಮಿತಿಯ ಅಧ್ಯಕ್ಷರು "ಒಂದು ಸ್ಪಷ್ಟನೆ ಕೊಟ್ಟುಬಿಡಿ ಮೇಷ್ಟ್ರೇ, ಮುಗೀತದೆ" ಅಂದರು. ಮೇಷ್ಟ್ರು ಬರೆದು ಕೊಟ್ಟರು. ಅದನ್ನು ಶಾಲೆಯ ಸೂಚನಾ ಫಲಕದಲ್ಲೂ, ನ್ಯಾಯಬೆಲೆ ಅಂಗಡಿಯ ಗೋಡೆಯಲ್ಲೂ ಅಂಟಿಸಿದರು. ಅದರಲ್ಲಿ ಇದ್ದದ್ದು ಇಷ್ಟು:

"ನನ್ನ ಲೇಖನವನ್ನು ಪೂರ್ತಿ ಓದದೆ ಕೆಲವರು ತಪ್ಪು ತಿಳಿದುಕೊಂಡಿದ್ದಾರೆ. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನನಗಿರಲಿಲ್ಲ. ಆದರೂ ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ."

ಇದನ್ನು ಆ ಮನೆಯವರ ಜಾಗದಲ್ಲಿ ನಿಂತು ಓದಿ ನೋಡಿ. ಮೊದಲ ವಾಕ್ಯ ಅವರಿಗೆ ಓದಲು ಬರುವುದಿಲ್ಲ ಅನ್ನುತ್ತದೆ. ಎರಡನೆಯದು ಮೇಷ್ಟ್ರ ಮನಸ್ಸಿನ ಬಗ್ಗೆ, ಅವರ ನೋವಿನ ಬಗ್ಗೆ ಅಲ್ಲ. ಮೂರನೆಯದರಲ್ಲಿ "ಯಾರಿಗಾದರೂ" ಅಂತ ಇದೆ. ಯಾರಿಗೆ ಅಂತ ಊರಿಗೆಲ್ಲ ಗೊತ್ತು, ಬರೆದವರಿಗೆ ಮಾತ್ರ ಗೊತ್ತಿಲ್ಲದ ಹಾಗೆ ಇದೆ. "ನೋವಾಗಿದ್ದಲ್ಲಿ" ಅಂದರೆ ಆಗಿದೆಯೋ ಇಲ್ಲವೋ ಇನ್ನೂ ಅನುಮಾನ. ಆ ಸಾಲು ಸರಿಯೋ ತಪ್ಪೋ ಅನ್ನುವ ಒಂದು ಮಾತೂ ಇದರಲ್ಲಿಲ್ಲ. ಮೇಷ್ಟ್ರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ಇಂಥ ಪತ್ರಗಳನ್ನು ನಾವೆಲ್ಲ ನೋಡಿ ನೋಡಿ ಅದೇ ಮಾದರಿ ಕೈಗೆ ಬರುತ್ತದೆ, ಆದರೆ ಆ ಮಾದರಿಯೇ ಜಗಳವನ್ನು ಬೆಳೆಸುತ್ತದೆ. ಪತ್ರ ಅಂಟಿಸಿದ ರಾತ್ರಿಯೇ ನ್ಯಾಯಬೆಲೆ ಅಂಗಡಿಯ ಗೋಡೆಯಿಂದ ಅದನ್ನು ಯಾರೋ ಹರಿದು ಹಾಕಿದರು. ಆ ಮನೆಯ ಗಂಡಸು ಮೊದಲ ಸಲ ಬಾಯಿಬಿಟ್ಟು, "ನಾವು ಪೂರ್ತಿ ಓದಿದ್ದೇವೆ, ಮೇಷ್ಟ್ರು ಕಲಿಸಿದ ಅಕ್ಷರದಲ್ಲೇ ಓದಿದ್ದೇವೆ" ಅಂತ ಹೇಳಿ ಕಳಿಸಿದರು.

ಸಮಿತಿ ಸಭೆ ಸೇರಿತು. ಆಗಲೇ ನನ್ನನ್ನು ಕರೆದದ್ದು. ಸಭೆಯಲ್ಲಿ ಮೂರು ದಾರಿ ಬಂದವು. ಉಳಿದ ಪ್ರತಿಗಳನ್ನೆಲ್ಲ ವಾಪಸ್ ತಗೊಂಡು ಆ ಲೇಖನದ ಪುಟಗಳನ್ನೇ ಕಿತ್ತು ಹಾಕುವುದು ಒಂದು. ಸಾಲಿನ ಮೇಲೆ ಬಿಳಿ ಕಾಗದ ಅಂಟಿಸುವುದು ಎರಡು. ಸುಮ್ನೆ ಬಿಡುವುದು, ಎರಡು ತಿಂಗಳಲ್ಲಿ ಎಲ್ಲ ಮರೆಯುತ್ತಾರೆ ಅನ್ನುವುದು ಮೂರು. ಮೂರನೆಯದನ್ನು ಹೇಳಿದವರು ಊರಿನ ಒಳ್ಳೆಯದಕ್ಕೇ ಹೇಳಿದರು. ಆದರೆ ಇದು ಒಂದೇ ದಾರಿಯಲ್ಲಿ ದಿನಾ ಎದುರಾಗುವ ಊರು, ಮದುವೆಗೆ ಸಾವಿಗೆ ಎಲ್ಲರೂ ಸೇರುವ ಊರು. ಇಲ್ಲಿ ಯಾರೂ ಮರೆಯುವುದಿಲ್ಲ, ಮಾತು ನಿಲ್ಲುತ್ತದೆ ಅಷ್ಟೆ.

ಕಿತ್ತು ಹಾಕುವುದಕ್ಕೆ ಮೇಷ್ಟ್ರು ಒಪ್ಪಲಿಲ್ಲ. ಅವರು ಹೇಳಿದ್ದು ನನಗೆ ಈಗಲೂ ಸರಿ ಅನ್ನಿಸುತ್ತದೆ. "ಗುಡ್ಡ ಕಡಿಯುವುದು ಇನ್ನೂ ನಡೀತಾ ಇದೆ. 2019ರಲ್ಲಿ ತೋರ ಗ್ರಾಮದಲ್ಲಿ ಆಯಿತು, 2020ರಲ್ಲಿ ತಲಕಾವೇರಿಯಲ್ಲೇ ಗುಡ್ಡ ಜಾರಿ ಅರ್ಚಕರ ಕುಟುಂಬ ಹೋಯಿತು. ಇದನ್ನು ಮಕ್ಕಳ ಶಾಲೆಯ ಪುಸ್ತಕದಲ್ಲಿ ಹೇಳದೆ ಎಲ್ಲಿ ಹೇಳಬೇಕು?" ಅಂದರು. ಹೌದಲ್ವಾ? ಯಾರಿಗೋ ನೋವಾಯಿತು ಅಂತ ನಿಜವನ್ನೇ ಅಳಿಸುವುದು ಪರಿಹಾರ ಅಲ್ಲ. ನೋವು ತಂದ ಮಾತು ಬೇರೆ, ಹೇಳಬೇಕಾಗಿದ್ದ ಮಾತು ಬೇರೆ. ಎರಡನ್ನೂ ಬಿಡಿಸುವವರೆಗೆ ಯಾವ ಕ್ಷಮೆಯೂ ಕೆಲಸ ಮಾಡುವುದಿಲ್ಲ ಅಂತ ನಾನು ಸಭೆಯಲ್ಲಿ ಹೇಳಿದೆ. ಹೇಗೆ ಬಿಡಿಸುವುದು ಅಂತ ಕೇಳಿದರು. ಮೊದಲು ಆ ಮನೆಯವರನ್ನು ಕೇಳೋಣ, ಅವರಿಗೆ ಆ ಪುಟ ಏನು ಹೇಳಿತು ಅಂತ ನಮಗೆ ಯಾರಿಗೂ ಗೊತ್ತಿಲ್ಲ ಅಂದೆ. ನಿಜವಾಗಿಯೂ ಅಲ್ಲಿಯವರೆಗೆ ಒಬ್ಬರೂ ಅವರನ್ನು ಕೇಳಿರಲಿಲ್ಲ. ಎಲ್ಲರೂ ಮೇಷ್ಟ್ರ ಉದ್ದೇಶದ ಬಗ್ಗೆಯೇ ಮಾತಾಡಿದ್ದರು.

ನಾನು ಒಬ್ಬನೇ ಹೋದೆ. ಮೇಷ್ಟ್ರನ್ನು ಕರೆದುಕೊಂಡು ಹೋಗಲಿಲ್ಲ, ಸಮಿತಿಯವರನ್ನೂ ಕರೆಯಲಿಲ್ಲ. ಗಂಡ ತೋಟಕ್ಕೆ ಹೋಗಿದ್ದರು, ಆ ಹೆಂಗಸು ಇದ್ದರು. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ಅವರದು ಅರೆಭಾಷೆ ಮನೆಮಾತು, ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಸಂಚಿಕೆ ಮುಂದಿಟ್ಟು, "ಅಕ್ಕ, ನಿಮಗೆ ಯಾವುದು ಚುಚ್ಚಿತು ತೋರಿಸಿ" ಅಂದೆ. ಅವರು ಆ ಸಾಲನ್ನೇ ತೋರಿಸುತ್ತಾರೆ ಅಂದುಕೊಂಡಿದ್ದೆ. ಅವರ ಬೆರಳು ಹೋಗಿದ್ದು ಸಾಲಿನ ಮೇಲಿದ್ದ ಫೋಟೋಗೆ.

ಕಪ್ಪುಬಿಳುಪು ಫೋಟೋ. ಕೆಸರಿನ ಗುಡ್ಡ, ಅರ್ಧ ಹೂತ ತಗಡಿನ ಮಾಡು, ಬೇರು ಮೇಲಾಗಿ ಬಿದ್ದ ಸಿಲ್ವರ್ ಮರ. ಕೆಳಗೆ ಏನೂ ಬರೆದಿರಲಿಲ್ಲ. ನನಗೆ ಅದು ಆ ವರ್ಷ ಪತ್ರಿಕೆಗಳಲ್ಲಿ ಬಂದ ನೂರಾರು ಫೋಟೋಗಳಲ್ಲಿ ಒಂದು ಅಂತಲೇ ಕಂಡಿತ್ತು. ಅವರು ಮಾಡಿನ ಎಡಬದಿಯಲ್ಲಿ ಮಣ್ಣಿನಿಂದ ಹೊರಗೆ ಚಾಚಿದ್ದ ಒಂದು ಡ್ರಮ್ಮಿನ ಬಾಯಿ ತೋರಿಸಿದರು. "ಇದು ಅತ್ತೆ ಕರಿಮೆಣಸು ತುಂಬಿಸಿಡುತ್ತಿದ್ದ ಡ್ರಮ್ಮು. ನೀಲಿ. ಇಲ್ಲಿ ಬಣ್ಣ ಕಾಣುವುದಿಲ್ಲ, ಆದರೆ ಅದರ ಕಿವಿ ಮುರಿದಿತ್ತು, ನೋಡಿ." ನೋಡಿದೆ. ಒಂದು ಬದಿಯ ಹಿಡಿ ಇರಲಿಲ್ಲ.

ಅದು ಅವರದೇ ಮನೆಯ ಫೋಟೋ.

ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು ಇದು. ಮೇಷ್ಟ್ರು ಲೇಖನದ ಜೊತೆ ಯಾವ ಫೋಟೋವನ್ನೂ ಕೊಟ್ಟಿರಲಿಲ್ಲ. ಪುಟ ಜೋಡಿಸಿದ ಹುಡುಗ, ಪುಟದಲ್ಲಿ ಜಾಗ ಉಳಿಯಿತು ಅಂತ, ಸಮಿತಿಯವರು ಕೊಟ್ಟಿದ್ದ ಹಳೆ ಫೋಟೋಗಳಲ್ಲಿ 2018 ಅಂತ ಬರೆದಿದ್ದ ಒಂದನ್ನು ತೆಗೆದು ಹಾಕಿದ್ದ. ಅವನು ಮೈಸೂರಿನವನು, ಅವನಿಗೆ ಅದು ಯಾರ ಮನೆ ಅಂತ ಗೊತ್ತಾಗುವ ಸಂದರ್ಭವೇ ಇಲ್ಲ. ಮೇಷ್ಟ್ರು ಕರಡು ನೋಡಿದ್ದು ಫೋಟೋ ಹಾಕುವ ಮೊದಲು. ಹೀಗೆ ಯಾರದೂ ಕೆಟ್ಟ ಉದ್ದೇಶ ಇಲ್ಲದೆ, ಇಬ್ಬರು ಬೇರೆ ಬೇರೆ ಕಡೆ ಮಾಡಿದ ಎರಡು ಕೆಲಸ ಒಂದೇ ಪುಟದಲ್ಲಿ ಸೇರಿ, "ಈ ಮನೆಯವರಿಗೆ ಪಾಠ ಆಯಿತು" ಅಂತ ಆಯಿತು. ಸಾಲನ್ನು ಮಾತ್ರ ಓದಿದವರಿಗೆ ಅದು ಸಾಮಾನ್ಯ ಮಾತು. ಆ ಪುಟವನ್ನು ನೋಡಿದ ಆ ಮನೆಯವರಿಗೆ ಅದು ತಮ್ಮ ಮನೆಯ ಕೆಳಗೆ ಬರೆದ ತೀರ್ಪು. ಅವರು ತಪ್ಪು ಓದಲಿಲ್ಲ. ಅಚ್ಚಾದದ್ದನ್ನು ಸರಿಯಾಗಿಯೇ ಓದಿದರು. ಬರೆದವರು ಎಷ್ಟು ಸಲ "ನಾನು ಹಾಗೆ ಬರೆದಿಲ್ಲ" ಅಂದರೂ ಈ ಫೋಟೋ ಮಾತು ಹೊರಗೆ ಬರುತ್ತಿರಲಿಲ್ಲ. ಕೇಳಿದ್ದಕ್ಕೆ ಬಂತು.

ಅಕ್ಕ ಇನ್ನೂ ಎರಡು ವಿಷಯ ಹೇಳಿದರು.

ಪರಿಹಾರ ಕೇಂದ್ರದಲ್ಲಿದ್ದಾಗ ಯಾರೋ ಒಬ್ಬರು, ಹೊರಗಿನವರು, ಸಾಮಾನು ಕೊಡಲು ಬಂದವರು, "ನೀವೇ ಮನೆ ಹಿಂದೆ ಬರೆ ಕಡಿದಿದ್ದೀರಿ, ಇನ್ನೇನಾಗ್ತದೆ" ಅಂದಿದ್ದರಂತೆ. ಬರೆ ಅಂದರೆ ಗುಡ್ಡ ಕಡಿದಾಗ ಮನೆ ಹಿಂದೆ ನಿಲ್ಲುವ ಮಣ್ಣಿನ ಗೋಡೆ. ಅತ್ತೆಯ ಉತ್ತರಕ್ರಿಯೆ ಕೂಡ ಆಗಿರಲಿಲ್ಲ ಆಗ. ಆ ಮಾತಿಗೆ ಅವತ್ತು ಯಾರೂ ಉತ್ತರ ಕೊಡಲಿಲ್ಲ. ಅದೇ ಮಾತು ಈಗ ತಮ್ಮದೇ ಶಾಲೆಯ ಪುಸ್ತಕದಲ್ಲಿ, ಗಂಡನ ಮೇಷ್ಟ್ರ ಹೆಸರಿನಲ್ಲಿ ಬಂದ ಹಾಗೆ ಅವರಿಗೆ ಅನ್ನಿಸಿತು. ಬರೆಯುವವರಿಗೆ ಇದು ಗೊತ್ತಿರುವುದು ಸಾಧ್ಯವೇ ಇಲ್ಲ. ಆದರೆ ಇಷ್ಟಂತೂ ಊಹಿಸಬಹುದು: ದೊಡ್ಡ ಅನಾಹುತದಲ್ಲಿ ಬದುಕಿಕೊಂಡವರಿಗೆ "ನಿಮ್ಮಿಂದಲೇ" ಅನ್ನುವ ಮಾತು ಒಮ್ಮೆಯಾದರೂ ಯಾರಿಂದಲೋ ಕೇಳಿಯೇ ಇರುತ್ತದೆ.

ಎರಡನೆಯದು ಇನ್ನೂ ಮುಖ್ಯ. "ಬರೆ ಕಡಿದದ್ದು ಹೌದು. ಕಾಫಿ ಒಣಗಿಸುವ ಕಣ ಸಾಲುತ್ತಿರಲಿಲ್ಲ ಅಂತ ಇವರು ಸ್ವಲ್ಪ ಹಿಂದಕ್ಕೆ ತೆಗೆಸಿದ್ದರು. ಈ ಊರಲ್ಲಿ ಬರೆ ಕಡಿಯದೆ ಮನೆ ಕಟ್ಟಿದವರು ಯಾರಿದ್ದಾರೆ? ಆದರೆ ನಮ್ಮ ಬರೆ ಕುಸಿಯಲೇ ಇಲ್ಲ. ಮಣ್ಣು ಬಂದದ್ದು ಗುಡ್ಡದ ತುದಿಯಿಂದ. ಮೇಲಿನ ಕಾಡು ಸಮೇತ ಬಂತು. ಬರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಅತ್ತೆಗೆ ಎಪ್ಪತ್ತು ದಾಟಿತ್ತು. ಅವರು ಕಲಿಯಬೇಕಾದ ಪಾಠ ಏನಿತ್ತು?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಉತ್ತರ ಕೊಡುವುದು ನನ್ನ ಕೆಲಸವೂ ಆಗಿರಲಿಲ್ಲ. ಅವರು ಹೇಳಿದ್ದನ್ನು ಅವರ ಮುಂದೆಯೇ ಬರೆದುಕೊಂಡು, ಓದಿ ಹೇಳಿ, ಸರಿ ಇದೆಯಾ ಅಂತ ಕೇಳಿದೆ. ಒಂದು ಕಡೆ ತಿದ್ದಿದರು. ಮೇಷ್ಟ್ರಿಗೆ ಇದನ್ನು ತೋರಿಸಬಹುದಾ ಅಂದೆ. ತೋರಿಸಿ ಅಂದರು. "ಅವರು ಬರಲಿ ಬೇಕಾದರೆ. ಆದರೆ ದೊಡ್ಡವರನ್ನೆಲ್ಲ ಕಟ್ಟಿಕೊಂಡು ಬರುವುದು ಬೇಡ. ಹಾರ ಗೀರ ತರುವುದೂ ಬೇಡ."

ಮೇಷ್ಟ್ರು ಆ ಕಾಗದ ಓದಿದರು. ಫೋಟೋ ವಿಷಯ ಬಂದಾಗ ಸಂಚಿಕೆ ತರಿಸಿ ಕನ್ನಡಕ ಹಾಕಿಕೊಂಡು ನೋಡಿದರು. ಅಲ್ಲಿಯವರೆಗೆ ಅವರು ಬೇಸರದಲ್ಲಿ ತಮ್ಮ ಲೇಖನದ ಅಚ್ಚಾದ ಪುಟವನ್ನು ತೆರೆದು ನೋಡಿರಲೇ ಇಲ್ಲ. ಅವರಿಗೆ ನಾನು ಹೇಳಿದ್ದು ಎರಡೇ ಮಾತು. ಅವರು ಕೇಳದೆ ನಿಮ್ಮ ಉದ್ದೇಶ ವಿವರಿಸಬೇಡಿ. ಮತ್ತೆ, "ಆದರೆ" ಅನ್ನಬೇಡಿ. ಇಷ್ಟಕ್ಕೆ ಅವರು ಒಪ್ಪಿದರು, ಸುಲಭವಾಗಿ ಅಲ್ಲ, ನಾಲ್ಕು ದಶಕ ತರಗತಿಯಲ್ಲಿ ವಿವರಿಸುತ್ತಲೇ ಬಂದವರಿಗೆ ವಿವರಿಸಬೇಡಿ ಅಂದರೆ ಕಷ್ಟವೇ.

ಭೇಟಿಗೆ ನಾನು, ಮೇಷ್ಟ್ರು, ಗಂಡ ಹೆಂಡತಿ, ಇಷ್ಟೇ ಜನ. ಪಂಚಾಯಿತಿ ಸದಸ್ಯರು ಬರುತ್ತೇನೆ ಅಂದಿದ್ದರು, ಬೇಡ ಅಂದೆವು. ಹೆಂಗಸಿನ ತಮ್ಮನನ್ನೂ ಅಕ್ಕನೇ ಬರಬೇಡ ಅಂದಿದ್ದರು. ನಾಲ್ಕು ಜನರ ಮುಂದೆ ಸೋಲಬೇಕಾಗುತ್ತದೆ ಅಂತ ಅನ್ನಿಸಿದರೆ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಪಂಚಾಯಿತಿ ಮಾಡಿದ ಹಾಗೆ ಆಗಬಾರದಿತ್ತು.

ಮೇಷ್ಟ್ರು ಕೂತ ಕೂಡಲೇ ಸಂಚಿಕೆ ತೆರೆದು ಆ ಸಾಲನ್ನು ಜೋರಾಗಿ ಓದಿದರು. ಓದುವುದು ಅವರದೇ ತೀರ್ಮಾನ, ನನಗೆ ಹೇಳಿರಲಿಲ್ಲ. ಓದಿ ಮುಗಿಸಿ, ತಮ್ಮ ಶಿಷ್ಯನ ಮುಖ ನೋಡಿ, "ಈ ಸಾಲು ತಪ್ಪು. ನಿಮ್ಮ ಮನೆಯ ಮಟ್ಟಿಗೆ ಸುಳ್ಳು ಕೂಡ. ನಾನು ಬರೆದೆ, ನನ್ನ ಹೆಸರಿನಲ್ಲಿ ಅಚ್ಚಾಯಿತು. ಫೋಟೋ ನಾನು ಹಾಕಿದ್ದಲ್ಲ, ಆದರೆ ನನ್ನ ಲೇಖನದಲ್ಲಿದೆ, ಅದೂ ನನ್ನದೇ. ಗೋಡೆಗೆ ಅಂಟಿಸಿದ ಪತ್ರವೂ ತಪ್ಪು. ನಿಮಗೆ ಓದಲು ಬರುವುದಿಲ್ಲ ಅಂದ ಹಾಗಾಯಿತು. ಅದಕ್ಕೂ ಕ್ಷಮಿಸಿ" ಅಂದರು.

ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ಈ ಮಾತಿನಲ್ಲಿ "ಯಾರಿಗಾದರೂ" ಇಲ್ಲ, "ಆಗಿದ್ದಲ್ಲಿ" ಇಲ್ಲ. ಯಾವುದು ತಪ್ಪು, ಯಾರ ಬಗ್ಗೆ ತಪ್ಪು, ಯಾರು ಮಾಡಿದ್ದು, ಮೂರೂ ಇದೆ. ಗಂಡ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋಗಿ ಬಂದರು. ಅಕ್ಕ ಕೇಳಿದರು, "ಮತ್ತೆ ನೀವು ಯಾರನ್ನು ನೆನೆಸಿಕೊಂಡು ಬರೆದದ್ದು ಮೇಷ್ಟ್ರೇ?" ಈಗ ಕೇಳಿದ ಮೇಲೆ ಅವರು ಹೇಳಿದರು. ಮೊದಲೇ ಹೇಳಿದ್ದರೆ ಇದೇ ಮಾತು ನೆಪ ಅನ್ನಿಸುತ್ತಿತ್ತು, ಕೇಳಿದ ಮೇಲೆ ಹೇಳಿದ್ದರಿಂದ ಮಾಹಿತಿಯಾಯಿತು. ಮೇಷ್ಟ್ರು, ಅವರ ಶಿಷ್ಯ ಇಬ್ಬರೂ ಆಮೇಲೆ ಅರ್ಧ ಗಂಟೆ ಯಾವ ಯಾವ ಗುಡ್ಡದಲ್ಲಿ ಜೆಸಿಬಿ ಬಂದಿತ್ತು, ಯಾವ ತೋಡು (ಸಣ್ಣ ಹಳ್ಳ) ಮುಚ್ಚಿದರು, ಎಲ್ಲಿ ಹಳೆ ನೀರಿನ ದಾರಿ ಇತ್ತು ಅಂತ ಮಾತಾಡಿದರು. ಗಂಡನಿಗೆ ಮೇಷ್ಟ್ರಿಗಿಂತ ಜಾಸ್ತಿ ಗೊತ್ತಿತ್ತು. ಗುಡ್ಡದ ಮೇಲೆ ಬಿರುಕು ಬಿಟ್ಟಿದ್ದನ್ನು ಜಾರುವ ಮೊದಲೇ ಅವರು ನೋಡಿದ್ದರು, ಹೊಳೆಯ ನೀರು ಕೆಂಪಾದದ್ದನ್ನೂ ನೋಡಿದ್ದರು. ಆ ಲೇಖನಕ್ಕೆ ಮೊದಲೇ ಇವರನ್ನು ಮಾತಾಡಿಸಿದ್ದರೆ ಲೇಖನವೇ ಬೇರೆ ಥರ ಇರುತ್ತಿತ್ತು.

ಏನು ಮಾಡಬೇಕು ಅಂತ ಅಲ್ಲೇ ತೀರ್ಮಾನ ಆಯಿತು. ಅಕ್ಕ ಕೇಳಿದ್ದು ಮೂರು. ಫೋಟೋ ಕಾಣಬಾರದು. ಅತ್ತೆಯ ಬಗ್ಗೆ ಆದ ಮಾತು ಅಚ್ಚಿನಲ್ಲೇ ಸರಿಯಾಗಬೇಕು, ಬಾಯಿಮಾತಿನಲ್ಲಿ ಅಲ್ಲ. ಸಂಚಿಕೆ ಹೋದ ಮನೆಗಳಿಗೆಲ್ಲ ಅದು ಹೋಗಬೇಕು. ಮೂರನೆಯದು ಸಮಿತಿಗೆ ಖರ್ಚಿನ ವಿಷಯ, ಸ್ವಲ್ಪ ಗೊಣಗಿದರು. ನಾನು ಇದರಲ್ಲಿ ಹಿಂದೆ ಸರಿಯಲಿಲ್ಲ. ನೂರಾರು ಮನೆಗೆ ಹೋದ ಮಾತನ್ನು ಒಂದು ಮನೆಯ ಜಗಲಿಯಲ್ಲಿ ಕೂತು ಸರಿ ಮಾಡಿದರೆ ಉಳಿದ ಮನೆಗಳಲ್ಲಿ ಅದು ಹಾಗೇ ಇರುತ್ತದೆ. ತಪ್ಪು ಎಲ್ಲಿಯವರೆಗೆ ಹೋಗಿದೆಯೋ ತಿದ್ದುಪಡಿಯೂ ಅಲ್ಲಿಯವರೆಗೆ ಹೋಗಬೇಕು.

ಬೇರೆ ಹಾಳೆಯಲ್ಲಿ ಅಚ್ಚು ಮಾಡಿ ಹಂಚಬೇಕಾದ ಹೊಸ ಭಾಗವನ್ನು ಮೇಷ್ಟ್ರು ಬರೆದರು, ಗಂಡ ಹೆಂಡತಿ ಓದಿ ಎರಡು ಕಡೆ ತಿದ್ದಿದರು. ಆಗ ನಿಂತ ರೂಪ ಇದು:

"2018ರ ಆಗಸ್ಟ್‌ನಲ್ಲಿ ನಮ್ಮೂರಿನ ಮೇಲ್ಭಾಗದಲ್ಲೂ ಗುಡ್ಡ ಜಾರಿತು. ಒಂದು ಮನೆಯ ಹಿರಿಯರು ತೀರಿಹೋದರು. ಆ ಮಣ್ಣು ಗುಡ್ಡದ ತುದಿಯಿಂದ ಬಂದದ್ದು, ಮನೆಯ ಹಿಂದಿನ ಬರೆಯಿಂದ ಅಲ್ಲ. ಸಂಚಿಕೆಯಲ್ಲಿ ನಾನು ಬರೆದ ಸಾಲು ಮತ್ತು ಅದರ ಮೇಲಿನ ಫೋಟೋ ಸೇರಿ, ಆ ಮನೆಯವರ ತಪ್ಪಿನಿಂದ ಹಾಗಾಯಿತು ಎಂಬ ಅರ್ಥ ಬಂದಿದೆ. ಅದು ನಿಜವಲ್ಲ. ಆ ಸಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಆ ಮನೆಯವರ ಕ್ಷಮೆ ಕೇಳಿದ್ದೇನೆ. ಕೊಡಗಿನ ಹಲವು ಕಡೆ ರಸ್ತೆಗೆ, ರೆಸಾರ್ಟ್ ಮತ್ತು ಹೋಂಸ್ಟೇಗಳಿಗೆ ಇಳಿಜಾರನ್ನು ಯಂತ್ರ ಹಚ್ಚಿ ಕಡಿದದ್ದು, ನೀರು ಹರಿಯುವ ದಾರಿ ಮುಚ್ಚಿದ್ದು ಅನಾಹುತವನ್ನು ಹೆಚ್ಚು ಮಾಡಿತು. ಇದು ಇನ್ನೂ ನಿಂತಿಲ್ಲ. ಬರೆ ಕಡಿಯದೆ ಮನೆ ಕಟ್ಟಿದವರು ನಮ್ಮಲ್ಲಿ ಕಡಿಮೆ. ನನ್ನ ಮನೆ ಹಿಂದೆಯೂ ಬರೆ ಇದೆ."

ಕೊನೆಯ ಎರಡು ವಾಕ್ಯ ಮೇಷ್ಟ್ರೇ ಸೇರಿಸಿದ್ದು. ಹಳೆಯ ಸಾಲಿನ ದೊಡ್ಡ ತೊಂದರೆ ಅದೇ ಆಗಿತ್ತು ನೋಡಿ. ಗುಡ್ಡ ಕಡಿದವರು ಯಾರೋ ಬೇರೆಯವರು, ಬರೆದವರು ಆ ಗುಂಪಿನಲ್ಲಿ ಇಲ್ಲ. ಹಾಗೆ ಹೊರಗೆ ನಿಂತು ಬರೆದಾಗ, ಯಾರು ಅಂತ ಹೇಳದೆ ಬಿಟ್ಟಾಗ, ಓದುವವರಲ್ಲಿ ತೀರ ನೊಂದವರೇ ಆ ಖಾಲಿ ಜಾಗಕ್ಕೆ ಬಂದು ಸೇರುತ್ತಾರೆ. ರೆಸಾರ್ಟ್ ಮಾಲೀಕರು ಆ ಸಾಲನ್ನು ಓದಿ ತಮ್ಮ ಬಗ್ಗೆ ಅಂದುಕೊಳ್ಳಲೇ ಇಲ್ಲ, ತಾಯಿ ಕಳೆದುಕೊಂಡವರು ಅಂದುಕೊಂಡರು.

ಇಲ್ಲಿಗೇ ಮುಗಿಯಲಿಲ್ಲ. ಈ ಹಾಳೆ ಅಚ್ಚಿಗೆ ಹೋಗುವ ಮೊದಲು ಅದರ ಕರಡು ಸಮಿತಿಯಲ್ಲಿ ಓಡಾಡಿತು. ಸಮಿತಿಗೆ ಹತ್ತಿರದವರೊಬ್ಬರು ಹೋಂಸ್ಟೇ ನಡೆಸುತ್ತಾರೆ, ಅವರು ಮೇಷ್ಟ್ರ ಮನೆಗೇ ಬಂದರು. "ಮೊದಲು ಅವರಿಗೆ ನೋವಾಯಿತು ಅಂತ ತೆಗೆದಿರಿ, ಈಗ ನಮಗೆ ನೋವಾಗ್ತದೆ. ರೆಸಾರ್ಟ್, ಹೋಂಸ್ಟೇ ಅನ್ನುವುದನ್ನೂ ತೆಗೀರಿ" ಅಂದರು. ಸಮಿತಿಯಲ್ಲಿ ಕೆಲವರಿಗೆ ಇದು ನ್ಯಾಯ ಅನ್ನಿಸಿತು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಆಗಬಾರದಲ್ವಾ ಅಂದರು.

ನನಗೆ ಎರಡೂ ಒಂದೇ ಅನ್ನಿಸಲಿಲ್ಲ. ಆ ಮನೆಯವರ ಬಗ್ಗೆ ಪುಟ ಹೇಳಿದ್ದು ಸುಳ್ಳು, ಅದಕ್ಕೇ ತೆಗೆದದ್ದು. ನೋವು ಅದನ್ನು ನಮಗೆ ತೋರಿಸಿಕೊಟ್ಟಿತು. ಗುಡ್ಡ ಕಡಿದು ಕಟ್ಟಡ ಕಟ್ಟಿದ್ದು ಸುಳ್ಳಲ್ಲ, ಅದನ್ನು ಓದಿ ಯಾರಿಗೋ ಕಸಿವಿಸಿ ಆದರೆ ಆಗಲಿ. ಯಾರೇ ಬಂದು ಬೇಸರ ಆಯಿತು ಅಂದರೂ ಅಳಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಮದ್ದುಸೊಪ್ಪಿನ ಪಾಯಸ ಮಾತ್ರ. ಹಾಗಂತ ಬಂದವರನ್ನು ಸುಮ್ನೆ ವಾಪಸ್ ಕಳಿಸುವುದೂ ಸರಿ ಅಲ್ಲ. ಅವರನ್ನೂ ಅದೇ ಪ್ರಶ್ನೆ ಕೇಳಬೇಕು, ಯಾವ ಮಾತು, ಅದರಲ್ಲಿ ತಪ್ಪೇನು ಅಂತ. ಮೇಷ್ಟ್ರು ಹಾಗೇ ಕೇಳಿದರು. ಆಗ ಅವರು ಹೇಳಿದ್ದರಲ್ಲಿ ಒಂದು ನ್ಯಾಯ ಇತ್ತು. "ನಾನು ಒಂದು ಹಿಡಿ ಮಣ್ಣೂ ಕಡಿದಿಲ್ಲ ಮೇಷ್ಟ್ರೇ. ಅಜ್ಜ ಕಟ್ಟಿದ ಮನೆಯ ಎರಡು ಕೋಣೆ ಪ್ರವಾಸಿಗರಿಗೆ ಕೊಡ್ತೇನೆ. ಹೋಂಸ್ಟೇ ಅಂದರೆ ನಾನೂ ಬಂದೆ." ನಿಜವೇ. ಕೊಡಗಿನಲ್ಲಿ ಹೋಂಸ್ಟೇ ಅಂತ ಬೋರ್ಡ್ ಇರುವ ಎಷ್ಟೋ ಮನೆಗಳು ಹಳೆಯ ತೋಟದ ಮನೆಗಳೇ. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಆ ಎರಡು ಕೋಣೆಯ ಬಾಡಿಗೆಯೇ ಮನೆ ನಡೆಸಿದೆ.

ಹಾಳೆಯಲ್ಲಿ "ರೆಸಾರ್ಟ್ ಮತ್ತು ಹೋಂಸ್ಟೇಗಳಿಗೆ" ಅಂತ ಇದ್ದದ್ದನ್ನು "ರೆಸಾರ್ಟ್‌ಗಳಿಗೆ, ಹೊಸದಾಗಿ ಕಟ್ಟಿದ ದೊಡ್ಡ ಹೋಂಸ್ಟೇಗಳಿಗೆ" ಅಂತ ಮಾಡಿದರು. ಉಳಿದದ್ದು ಹಾಗೇ ಇತ್ತು. ಬಂದವರು ಪೂರ್ತಿ ಒಪ್ಪಲಿಲ್ಲ, ಆದರೆ ಆ ಒಂದು ಮಾತು ಬದಲಾದದ್ದಕ್ಕೆ ಸಮಾಧಾನ ಅಂದು ಹೋದರು.

ಸಂಚಿಕೆ ಮನೆಮನೆಗೆ ಹಂಚಿದ ಹುಡುಗರೇ ಈ ಹಾಳೆಯನ್ನೂ ಹಂಚಿದರು, ಅದೇ ಪಟ್ಟಿ ಹಿಡಿದುಕೊಂಡು. ಶಾಲೆಯಲ್ಲಿ ಉಳಿದಿದ್ದ ಪ್ರತಿಗಳಲ್ಲಿ ಹಾಳೆಯನ್ನು ಫೋಟೋ ಮುಚ್ಚುವ ಹಾಗೆ ಪುಟದ ಮೇಲೇ ಅಂಟಿಸಿದರು. ಶಾಲೆಯ ಸೂಚನಾ ಫಲಕದಲ್ಲಿ ಉಳಿದಿದ್ದ ಪತ್ರವನ್ನು ಮೇಷ್ಟ್ರೇ ಹೋಗಿ ತೆಗೆದರು. ಹೆಂಗಸಿನ ತಮ್ಮ ಇನ್ನೂ ಮೇಷ್ಟ್ರ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಅಕ್ಕ ಒಂದು ಪ್ರತಿ ತಗೊಂಡರು. ಗಂಡ ಬೇಡ ಅಂದರು. ಈಗ ಸಮಿತಿಯವರು ಮುಂದಿನ ಸಂಚಿಕೆಗೆ 2018ರ ಬಗ್ಗೆಯೇ ಬೇರೆ ಲೇಖನ ಬೇಕು ಅನ್ನುತ್ತಿದ್ದಾರೆ. ಬಿರುಕು ಎಲ್ಲಿ ಮೊದಲು ಕಂಡಿತು, ಯಾವ ತೋಡು ಎಲ್ಲಿ ಹರಿಯುತ್ತಿತ್ತು ಅಂತ ಗೊತ್ತಿರುವವರು ಹೇಳಿ ಬರೆಸುವ ಲೇಖನ. ಹೇಳಲು ಆ ಶಿಷ್ಯ ಒಪ್ಪಿದ್ದಾರೆ, ಬರೆದುಕೊಳ್ಳುವುದು ಮೇಷ್ಟ್ರು. ಒಂದೇ ಶರತ್ತು, ಅಚ್ಚಿಗೆ ಕೊಡುವ ಮೊದಲು ಫೋಟೋ ಸಮೇತ ಪುಟ ತೋರಿಸಬೇಕು.